ನವೆಂಬರ್‌ಗೂ ಮೊದಲೇ ಮುಗಿಯುವ ಚುನಾವಣೆ

2025ರ ಜೂನ್ ಕೊನೆಯ ವಾರದ ಮಾತು. ರಾತ್ರಿ ಮೆಸ್‌ನಲ್ಲಿ ಕೂತಿದ್ದಾಗ ನಮ್ಮಲ್ಲೊಬ್ಬ ಮೊಬೈಲ್ ನೋಡ್ತಾ, "ಲೋ ಮಗಾ, ನ್ಯೂಯಾರ್ಕ್‌ಗೆ ಆ ಮಮ್ದಾನಿ ಮೇಯರ್ ಆಗ್ಬಿಟ್ಟ" ಅಂದ. ಪಕ್ಕದಲ್ಲಿದ್ದವನು, "ಸುಮ್ನಿರೋ, ಅಲ್ಲಿ ಎಲೆಕ್ಷನ್ ಇರೋದೇ ನವೆಂಬರ್‌ನಲ್ಲಿ" ಅಂತ ತಿರುಗೇಟು ಕೊಟ್ಟ. ಊಟ ಮುಗಿಯುವವರೆಗೂ ಇದೇ ಜಗಳ. ಆಮೇಲೆ ಹುಡುಕಿ ಓದಿದಾಗ ಗೊತ್ತಾಗಿದ್ದು ಏನಂದ್ರೆ ಇಬ್ಬರೂ ಹೇಳಿದ್ದು ಒಂದು ಮಟ್ಟಿಗೆ ಸರಿಯೇ. ಗೆದ್ದಿದ್ದು ಪ್ರೈಮರಿ ಚುನಾವಣೆ, ಮೇಯರ್ ಚುನಾವಣೆ ಅಲ್ಲ. ಆದರೆ ಅಮೆರಿಕದ ಎಷ್ಟೋ ಊರುಗಳಲ್ಲಿ ಪ್ರೈಮರಿ ಮುಗಿದ ದಿನವೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರುತ್ತದೆ. ಅಲ್ಲಿನ ಪ್ರಗತಿಪರರು ಅಧ್ಯಕ್ಷರ ಚುನಾವಣೆಗಿಂತಲೂ ಈ ಪ್ರೈಮರಿಗಳಿಗೆ ಎಷ್ಟು ಜನ ಬರ್ತಾರೆ ಅನ್ನೋದರ ಬಗ್ಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ತಾರೆ ಅನ್ನೋದೇ ಈ ಲೇಖನದ ವಿಷಯ.

ಮೊದಲು ಪ್ರೈಮರಿ ಅಂದ್ರೆ ಏನು ಅಂತ ನೋಡೋಣ. ನಮ್ಮಲ್ಲಿ ಚುನಾವಣೆ ಬಂತು ಅಂದ್ರೆ ಮೊದಲ ಗಲಾಟೆ ಟಿಕೆಟ್‌ದು. ಆಕಾಂಕ್ಷಿಗಳು ದೆಹಲಿಗೆ ಓಡ್ತಾರೆ, ಬೆಂಬಲಿಗರು ಪಕ್ಷದ ಕಚೇರಿ ಮುಂದೆ ಕೂರ್ತಾರೆ, ಹೈಕಮಾಂಡ್ ಪಟ್ಟಿ ಬಿಡುಗಡೆ ಮಾಡುತ್ತೆ, ಬಿ ಫಾರಂ ಯಾರ ಕೈಗೆ ಬಂತೋ ಅವರು ಅಭ್ಯರ್ಥಿ. ಸಾಮಾನ್ಯ ಮತದಾರನಿಗೆ ಇದರಲ್ಲಿ ಪಾತ್ರವೇ ಇಲ್ಲ. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವ ಹೈಕಮಾಂಡ್ ಅಂದ್ರೆ ಮತದಾರರೇ. ನವೆಂಬರ್‌ನ ಚುನಾವಣೆಗೆ ಕೆಲವು ತಿಂಗಳ ಮೊದಲು, ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಯಾರಿಗೆ, ರಿಪಬ್ಲಿಕನ್ ಪಕ್ಷದ ಟಿಕೆಟ್ ಯಾರಿಗೆ ಅಂತ ಜನರೇ ಮತ ಹಾಕಿ ತೀರ್ಮಾನ ಮಾಡ್ತಾರೆ. ಇದಕ್ಕೆ ಮತಗಟ್ಟೆ, ಮತಪತ್ರ, ಎಣಿಕೆ ಎಲ್ಲವನ್ನೂ ಸಾಮಾನ್ಯವಾಗಿ ಸರ್ಕಾರವೇ ನಡೆಸುತ್ತದೆ.

ಇನ್ನು 'ಪ್ರಗತಿಪರರು'. ಈ ಪದ ಕೇಳಿದ ಕೂಡಲೇ ನಮಗೆ ಸಾಹಿತಿಗಳು, ಚಿಂತಕರು, ಟೌನ್‌ಹಾಲ್ ಮುಂದಿನ ಪ್ರತಿಭಟನೆ ನೆನಪಾಗುತ್ತೆ. ಅಮೆರಿಕದಲ್ಲಿ ಇದು ಡೆಮಾಕ್ರಟಿಕ್ ಪಕ್ಷದ ಎಡಪಕ್ಕದ ಗುಂಪಿನ ಹೆಸರು. ಸರ್ಕಾರವೇ ಎಲ್ಲರಿಗೂ ಆರೋಗ್ಯ ವಿಮೆ ಕೊಡಬೇಕು, 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿರುವ ಕೇಂದ್ರದ ಕನಿಷ್ಠ ಕೂಲಿ ಏರಬೇಕು, ಮನೆ ಬಾಡಿಗೆಗೆ ಕಡಿವಾಣ ಬೇಕು, ಕಾಲೇಜು ಸಾಲ ಇಳಿಯಬೇಕು ಅನ್ನೋರು. ಬರ್ನಿ ಸ್ಯಾಂಡರ್ಸ್ ಹೆಸರು ಹೇಳಿದರೆ ಸಾಕು, ಚಿತ್ರ ಬಂದುಬಿಡುತ್ತೆ. ಇವರು ಹೇಳೋದೆಲ್ಲ ಸರಿಯೋ ತಪ್ಪೋ ಅನ್ನೋ ಚರ್ಚೆಯನ್ನು ಕ್ಯಾಂಟೀನ್‌ಗೆ ಬಿಡೋಣ. ಅವರು ಗೆಲ್ಲೋದು ಎಲ್ಲಿ, ಸೋಲೋದು ಎಲ್ಲಿ ಅನ್ನೋದು ನಮಗೆ ಕುತೂಹಲ ಹುಟ್ಟಿಸಿದ್ದು.

ತಮಾಷೆ ಏನಂದ್ರೆ ಈ ಪ್ರೈಮರಿ ಪದ್ಧತಿಯನ್ನು ಊರೂರಿಗೆ ತಂದಿದ್ದರಲ್ಲಿ ದೊಡ್ಡ ಪಾಲು ನೂರು ವರ್ಷದ ಹಿಂದಿನ ಪ್ರಗತಿಪರರದ್ದೇ. ಆಗ ಟಿಕೆಟ್ ಹಂಚುತ್ತಿದ್ದವರು ಪಕ್ಷದ ದಣಿಗಳು. ವಿಸ್ಕಾನ್ಸಿನ್‌ನ ಗವರ್ನರ್ ರಾಬರ್ಟ್ ಲಾ ಫಾಲೆಟ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1904ರಲ್ಲಿ ಆ ರಾಜ್ಯದ ಜನ ನೇರ ಪ್ರೈಮರಿಯ ಕಾನೂನಿಗೆ ಒಪ್ಪಿಗೆ ಕೊಟ್ಟರು. ಆದರೂ ಅಧ್ಯಕ್ಷ ಹುದ್ದೆಯ ಟಿಕೆಟ್ ಬಹಳ ಕಾಲ ದಣಿಗಳ ಕೈಯಲ್ಲೇ ಉಳಿಯಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧ ನಡೀತಿದ್ದ ಕಾಲ, ಶಿಕಾಗೋದ ಬೀದಿಗಳಲ್ಲಿ ಯುವಕರಿಗೂ ಪೊಲೀಸರಿಗೂ ಹೊಡೆದಾಟ. ಅದಾದ ಮೇಲೆ ನಿಯಮ ಬದಲಾಗಿ, 1972ರಿಂದ ಪ್ರೈಮರಿಯೇ ಮುಖ್ಯವಾಯಿತು.

ಪ್ರೈಮರಿಗೆ ಎಷ್ಟು ಬೆಲೆ ಇದೆ ಅಂತ ತಿಳಿಯೋಕೆ ಇನ್ನೊಂದು ಕಥೆ ಸಾಕು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆ ಯಾರೂ ಗೆಲ್ಲುತ್ತಿರಲಿಲ್ಲ. ಆ ಪಕ್ಷದ ಪ್ರೈಮರಿಯಲ್ಲಿ ಬಿಳಿಯರು ಮಾತ್ರ ಮತ ಹಾಕಬಹುದಿತ್ತು. ಕಪ್ಪುಜನರು ಬೇಕಾದರೆ ನವೆಂಬರ್‌ನಲ್ಲಿ ಹಾಕಲಿ, ಅಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತಿತ್ತು. ಅಂದರೆ ಮತದ ಹಕ್ಕನ್ನು ಕಾಗದದ ಮೇಲೆ ಉಳಿಸಿ, ಒಳಗಿನ ತಿರುಳನ್ನು ತೆಗೆದುಬಿಟ್ಟಿದ್ದರು. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಕೋರ್ಟಿಗೆ ಹೋದರು. 1944ರಲ್ಲಿ ಸುಪ್ರೀಂ ಕೋರ್ಟ್ ಈ 'ಬಿಳಿಯರ ಪ್ರೈಮರಿ'ಯನ್ನು ರದ್ದು ಮಾಡಿತು. ಯಾರನ್ನಾದರೂ ಅಧಿಕಾರದಿಂದ ದೂರ ಇಡಬೇಕಾದರೆ ಯಾವ ಬಾಗಿಲು ಮುಚ್ಚಬೇಕು ಅಂತ ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಆ ಬಾಗಿಲಿಗೆ ಅಂಥ ಬೀಗ ಇಲ್ಲ. ಆದರೂ ಬಹಳ ಜನ ಒಳಗೆ ಹೋಗೋದೇ ಇಲ್ಲ.

ಇವತ್ತಿನ ಲೆಕ್ಕಕ್ಕೆ ಬರೋಣ. ಅಮೆರಿಕದ ಕೆಳಮನೆಯಲ್ಲಿ 435 ಕ್ಷೇತ್ರ. ಇವುಗಳಲ್ಲಿ ಬಹುಪಾಲು ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತೆ ಅಂತ ಮೊದಲೇ ಗೊತ್ತಿರುತ್ತದೆ. ಗಡಿಗಳನ್ನು ಹಾಗೆ ಎಳೆದಿರ್ತಾರೆ ಅನ್ನೋದು ಒಂದು ಕಾರಣ. ನಗರದವರು ಒಂದು ಕಡೆ, ಹಳ್ಳಿಯವರು ಇನ್ನೊಂದು ಕಡೆ ವಾಲಿರೋದು ಮತ್ತೊಂದು. ಪಕ್ಷ ಯಾವುದು ಅಂತ ನಿಗದಿ ಆಗಿರೋವಾಗ, ವ್ಯಕ್ತಿ ಯಾರು ಅನ್ನೋದು ಪ್ರೈಮರಿಯಲ್ಲೇ ತೀರ್ಮಾನ.

ಈಗ ಅಲ್ಲಿನ ಅಟೆಂಡೆನ್ಸ್ ನೋಡಿ. 2016ರಲ್ಲಿ ಅಧ್ಯಕ್ಷರ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿಗಳಲ್ಲಿ, ಎರಡೂ ಪಕ್ಷ ಸೇರಿಸಿದರೂ, ಮತ ಹಾಕಿದ್ದು ಅರ್ಹರಲ್ಲಿ ಸುಮಾರು ಶೇ. 28.5. ಅದೇ ವರ್ಷ ನವೆಂಬರ್‌ನಲ್ಲಿ ಶೇ. 60ರ ಆಸುಪಾಸು. ಟ್ರಂಪ್, ಕ್ಲಿಂಟನ್, ಸ್ಯಾಂಡರ್ಸ್ ಎಲ್ಲ ಇದ್ದ, ಟೀವಿಯಲ್ಲಿ ದಿನಾ ಬರುತ್ತಿದ್ದ ಪ್ರೈಮರಿಯ ಗತಿ ಇದು. 2018ರಲ್ಲಿ ಕೆಳಮನೆಯ ಪ್ರೈಮರಿಗಳಿಗೆ ನೋಂದಾಯಿತ ಮತದಾರರಲ್ಲಿ ಐದರಲ್ಲಿ ಒಬ್ಬರಷ್ಟೇ ಬಂದರು, ಅದೂ ಹಿಂದಿನ ಸಲಕ್ಕಿಂತ ಜಾಸ್ತಿ!

ಆ ಒಬ್ಬರು ಯಾರು? ಸಾಮಾನ್ಯವಾಗಿ ವಯಸ್ಸಾದವರು, ಸ್ವಂತ ಮನೆ ಇರುವವರು, ಒಂದೇ ಬೀದಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದವರು, ಪಕ್ಷದ ಸ್ಥಳೀಯ ಪುಢಾರಿಗಳ ಪರಿಚಯ ಇರೋರು. ಬಾರದ ನಾಲ್ವರಲ್ಲಿ ಯುವಕರು, ಬಾಡಿಗೆ ಮನೆಯವರು, ಎರಡೆರಡು ಶಿಫ್ಟ್ ಕೆಲಸ ಮಾಡೋರು ಜಾಸ್ತಿ. ಮನೆ ಬದಲಿಸಿದಾಗಲೆಲ್ಲ ನೋಂದಣಿಯ ವಿಳಾಸ ಬದಲಿಸಬೇಕು. ಮತದಾನ ಹೆಚ್ಚಾಗಿ ಮಂಗಳವಾರ, ರಜೆ ಇಲ್ಲ. ಇದನ್ನು ಪ್ರಗತಿಪರರ ಕಣ್ಣಿನಿಂದ ನೋಡಿ: ಬಾಡಿಗೆ ಇಳಿಸ್ತೀವಿ ಅಂತಾರೆ, ಬಾಡಿಗೆದಾರರು ಮತಗಟ್ಟೆಗೆ ಬರೋದಿಲ್ಲ. ಕಾಲೇಜು ಸಾಲ ಮನ್ನಾ ಅಂತಾರೆ, ವಿದ್ಯಾರ್ಥಿಗಳು ಬರೋದಿಲ್ಲ. ಅವರ ಬೆಂಬಲಿಗರು ಊರಲ್ಲಿದ್ದಾರೆ, ಸರದಿ ಸಾಲಿನಲ್ಲಿ ಇಲ್ಲ. ಇ ಅಂಡ್ ಸಿ ಗೆಳೆಯರಿಗೆ ಇದು ಬೇಗ ಹೊಳೆಯುತ್ತೆ. ರಿಸೀವರ್‌ನ ಮೊದಲ ಸ್ಟೇಜ್‌ನಲ್ಲಿ ಸೇರಿಕೊಂಡ ನಾಯ್ಸ್ ಅನ್ನು ಮುಂದಿನ ಸ್ಟೇಜ್ ಎಷ್ಟೇ ಚೆನ್ನಾಗಿದ್ದರೂ ತೆಗೆಯೋಕಾಗಲ್ಲ. ಮೊದಲ ಸುತ್ತಿನಲ್ಲಿ ಬಿದ್ದುಹೋದ ಹೆಸರು ನವೆಂಬರ್‌ನ ಮತಪತ್ರದಲ್ಲಿ ಸಾಮಾನ್ಯವಾಗಿ ಇರೋದೇ ಇಲ್ಲ.

ಕೆಲವು ರಾಜ್ಯಗಳ ನಿಯಮಗಳು ಇದನ್ನು ಇನ್ನೂ ಬಿಗಿ ಮಾಡ್ತವೆ. ನ್ಯೂಯಾರ್ಕ್‌ನಲ್ಲಿ ಪಕ್ಷದ ಸದಸ್ಯ ಅಂತ ನೋಂದಾಯಿಸಿಕೊಂಡವರು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. 2016ರ ಏಪ್ರಿಲ್‌ನ ಪ್ರೈಮರಿಗೆ ಪಕ್ಷ ಬದಲಿಸಬೇಕಾದರೆ ಹಿಂದಿನ ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿರಬೇಕಿತ್ತು. ನಮ್ಮ ಪರೀಕ್ಷಾ ಶುಲ್ಕದ ಕೊನೆ ದಿನಾಂಕವೇ ಪರವಾಗಿಲ್ಲ ಅನ್ನಿಸಿತು. ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಇಬ್ಬರೂ ನೋಂದಣಿಯ ಗಡುವು ತಪ್ಪಿಸಿಕೊಂಡು ಅಪ್ಪನಿಗೇ ಮತ ಹಾಕಲಾಗದೆ ಉಳಿದರು. ಸ್ಯಾಂಡರ್ಸ್ ಕಡೆಗೆ ತಡವಾಗಿ ಒಲಿದ ಎಷ್ಟೋ ಯುವಕರ ಕಥೆಯೂ ಅದೇ. ಆ ಗಡುವನ್ನು 2019ರಲ್ಲಿ ಸಡಿಲಿಸಿದರು.

ಜನ ಬರೋದಿಲ್ಲ ಅನ್ನೋದು ಅಡ್ಡಿ ನಿಜ, ಅದೇ ಅವಕಾಶವೂ ಹೌದು. ಇದಕ್ಕೆ 2018ರ ನ್ಯೂಯಾರ್ಕ್‌ನ 14ನೇ ಕ್ಷೇತ್ರಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ. ಬ್ರಾಂಕ್ಸ್ ಮತ್ತು ಕ್ವೀನ್ಸ್‌ನ ಭಾಗಗಳು ಸೇರಿದ, ಸುಮಾರು ಏಳು ಲಕ್ಷ ಜನರಿರುವ ಕ್ಷೇತ್ರ. ಸಂಸದ ಜೋ ಕ್ರೌಲಿ 1999ರಿಂದ ಸಂಸತ್ತಿನಲ್ಲಿದ್ದವರು, ಕೆಳಮನೆಯ ಡೆಮಾಕ್ರಟಿಕ್ ನಾಯಕರಲ್ಲಿ ನಾಲ್ಕನೆಯ ಸ್ಥಾನ. ಹದಿನಾಲ್ಕು ವರ್ಷದಿಂದ ಪ್ರೈಮರಿಯಲ್ಲಿ ಅವರಿಗೆ ಎದುರಾಳಿಯೇ ಇರಲಿಲ್ಲ. ಎದುರು ನಿಂತಿದ್ದು ಅಲೆಕ್ಸಾಂಡ್ರಿಯಾ ಒಕಾಸಿಯೋ-ಕಾರ್ಟೆಜ್, ವಯಸ್ಸು 28, ಅದಕ್ಕೆ ಮೊದಲು ಬಾರ್‌ನಲ್ಲಿ ಕೆಲಸ. ಕ್ರೌಲಿ ಖರ್ಚು ಮಾಡಿದ ಹಣ ಆಕೆಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮತದಾನಕ್ಕೆ ಮೂರು ವಾರ ಇರುವಾಗ ಕ್ರೌಲಿ ತಂಡದ ಸಮೀಕ್ಷೆ ಅವರು 36 ಪಾಯಿಂಟ್ ಮುಂದಿದ್ದಾರೆ ಅಂತ ಹೇಳಿತ್ತು.

ಜೂನ್ 26ರಂದು ಒಕಾಸಿಯೋ-ಕಾರ್ಟೆಜ್‌ಗೆ 16,898 ಮತ, ಕ್ರೌಲಿಗೆ 12,880. ಸುಮಾರು 57-43.

ಸಮೀಕ್ಷೆ ಅಷ್ಟು ಎಡವಿದ್ದು ಹೇಗೆ? ಇಂಥ ಸಮೀಕ್ಷೆಗಳು ಸಾಮಾನ್ಯವಾಗಿ 'ಮತ ಹಾಕುವ ಸಾಧ್ಯತೆ ಇರುವವರನ್ನು' ಮಾತ್ರ ಕೇಳ್ತವೆ. ಸಾಧ್ಯತೆ ಇರುವವರು ಅಂದ್ರೆ ಹಿಂದೆ ಹಾಕಿದ್ದವರು. ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಿದವರಿಗೆ ಗೊತ್ತು, ಟ್ರೈನಿಂಗ್ ಡೇಟಾದಲ್ಲಿ ಇಲ್ಲದವರು ಟೆಸ್ಟ್ ದಿನ ಬಂದರೆ ಮಾಡೆಲ್ ಬಾಯಿ ಬಿಡುತ್ತೆ. ಆಕೆಯ ತಂಡ ಬಾಗಿಲು ತಟ್ಟಿದ್ದರಲ್ಲಿ ಹಿಂದೆ ಪ್ರೈಮರಿಗೆ ಬಾರದವರ ಮನೆಗಳೂ ಇದ್ದವು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿದೆವು. ಒಟ್ಟು ಬಿದ್ದ ಮತ ಮೂವತ್ತು ಸಾವಿರಕ್ಕೂ ಒಳಗೆ. ಕ್ಷೇತ್ರದ ನೋಂದಾಯಿತ ಡೆಮಾಕ್ರಟರಲ್ಲಿ ಇದು ಎಂಟರಲ್ಲಿ ಒಬ್ಬರಷ್ಟು. ಅಂತರ ನಾಲ್ಕು ಸಾವಿರ ಚಿಲ್ಲರೆ. ಅಂದರೆ ಏಳು ಲಕ್ಷ ಜನರ ಪ್ರತಿನಿಧಿ ಯಾರು ಅಂತ ಹೇಳಿದ್ದು, ಹತ್ತಾರು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಷ್ಟು ಜನ. ನವೆಂಬರ್‌ನಲ್ಲಿ ಆಕೆಗೆ ಒಂದು ಲಕ್ಷ ಹತ್ತು ಸಾವಿರ ಮತ, ಶೇ. 78. ಅದು ಬರೀ ಔಪಚಾರಿಕ. ಪ್ರಗತಿಪರರು ಇದನ್ನು 'ಜನರ ಅಲೆ' ಅಂತ ಹೇಳಿಕೊಂಡಾಗ ನಮಗೆ ಸ್ವಲ್ಪ ನಗು ಬಂತು. ಎಂಟರಲ್ಲಿ ಏಳು ಜನ ಮನೆಯಲ್ಲಿದ್ದ ದಿನ ಅಲೆ ಎಲ್ಲಿಂದ ಬಂತು? ಆದರೆ ಅದೇ ಎಂಟರಲ್ಲಿ ಒಬ್ಬರ ಬಲದ ಮೇಲೆ ಕ್ರೌಲಿ ಇಷ್ಟು ವರ್ಷ ಕೂತಿದ್ದರು ಅನ್ನೋದೂ ಅಷ್ಟೇ ನಿಜ.

ಅಂತರ ಇನ್ನೂ ಚಿಕ್ಕದಾದಾಗ ಏನಾಗುತ್ತೆ ಅನ್ನೋದಕ್ಕೆ ಟೆಕ್ಸಾಸ್‌ನ 28ನೇ ಕ್ಷೇತ್ರ ಇದೆ. ಮೆಕ್ಸಿಕೋ ಗಡಿಯ ಲಾರೆಡೋ ಊರಿನ ಕಡೆಯದು. ಸಂಸದ ಹೆನ್ರಿ ಕ್ವೆಲ್ಲರ್ ಡೆಮಾಕ್ರಟರೇ, ಆದರೆ ಗರ್ಭಪಾತದ ಹಕ್ಕಿಗೆ ವಿರೋಧ. 2021ರ ಸೆಪ್ಟೆಂಬರ್‌ನಲ್ಲಿ ಆ ಹಕ್ಕನ್ನು ಕಾನೂನಾಗಿಸುವ ಮಸೂದೆ ಕೆಳಮನೆಗೆ ಬಂದಾಗ ಅದರ ವಿರುದ್ಧ ಮತ ಹಾಕಿದ ಒಬ್ಬನೇ ಡೆಮಾಕ್ರಟ್ ಅವರು. ಅವರೆದುರು ನಿಂತಿದ್ದು ವಲಸೆಗಾರರ ಪರ ವಕೀಲೆ ಜೆಸಿಕಾ ಸಿಸ್ನೆರೋಸ್. ಹಿಂದೆ ಕ್ವೆಲ್ಲರ್ ಕಚೇರಿಯಲ್ಲೇ ಇಂಟರ್ನ್ ಆಗಿದ್ದವರು. ಟೆಕ್ಸಾಸ್‌ನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲಿಬ್ಬರ ನಡುವೆ ಇನ್ನೊಂದು ಸುತ್ತು. ಆ ಸುತ್ತು ನಡೆದಿದ್ದು 2022ರ ಮೇ 24ರಂದು. ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಲಿದೆ ಅನ್ನೋ ಕರಡು ತೀರ್ಪು ಸೋರಿಕೆಯಾಗಿ ಮೂರು ವಾರ ಆಗಿತ್ತು. ವಿಷಯ ಅಷ್ಟು ಬಿಸಿಯಾಗಿದ್ದಾಗಲೂ ಮತ ಹಾಕಿದ್ದು ಸುಮಾರು 45,000 ಜನ. ಮರುಎಣಿಕೆ ಮುಗಿದಾಗ ಸಿಸ್ನೆರೋಸ್ ಸೋತಿದ್ದು 289 ಮತಗಳಿಂದ. ನವೆಂಬರ್‌ನಲ್ಲಿ ಅದೇ ಕ್ಷೇತ್ರದಲ್ಲಿ ಬಿದ್ದ ಮತ ಒಂದೂವರೆ ಲಕ್ಷ ದಾಟಿತ್ತು. ಅಂದರೆ ಮೇ ತಿಂಗಳಲ್ಲಿ ಮನೆಯಲ್ಲೇ ಇದ್ದು ನವೆಂಬರ್‌ನಲ್ಲಿ ಬಂದವರೇ ಲಕ್ಷದಷ್ಟು. 289 ಅಂದ್ರೆ ನಮ್ಮ ಬ್ಯಾಚ್‌ನ ನಾಲ್ಕೈದು ಸೆಕ್ಷನ್. ಕ್ವೀನ್ಸ್‌ನಲ್ಲಿ 2019ರ ಜಿಲ್ಲಾ ಅಟಾರ್ನಿ ಪ್ರೈಮರಿಯಲ್ಲಂತೂ ಪ್ರಗತಿಪರ ಅಭ್ಯರ್ಥಿ ಟಿಫನಿ ಕಬಾನ್ ನೂರಕ್ಕೂ ಕಡಿಮೆ ಮತಗಳಿಂದ ಸೋತರು.

ಬಂದವರ ಮತ ಹಂಚಿಹೋದರೆ ಇನ್ನೊಂದು ತೊಂದರೆ. ಇದಕ್ಕೆ ನಮ್ಮ ಬೆಳಗಾವಿಯ ನಂಟಿದೆ. ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋಗಿ ಉದ್ಯಮಿಯಾದ ಶ್ರೀ ಥಾಣೇದಾರ್ 2022ರಲ್ಲಿ ಮಿಶಿಗನ್‌ನ 13ನೇ ಕ್ಷೇತ್ರದಿಂದ ಸಂಸದರಾದರು. ಡೆಟ್ರಾಯಿಟ್ ನಗರದ ಭಾಗಗಳಿರುವ ಕ್ಷೇತ್ರ, ಡೆಮಾಕ್ರಟರಿಗೆ ಪೂರ್ತಿ ಭದ್ರ. ಪ್ರೈಮರಿಯಲ್ಲಿ ಒಂಬತ್ತು ಜನ ಇದ್ದರು. ಥಾಣೇದಾರ್ ಪ್ರಚಾರಕ್ಕೆ ಸ್ವಂತ ಹಣವನ್ನೇ ಧಾರಾಳವಾಗಿ ಹಾಕಿದ್ದರು. ಗೆದ್ದಿದ್ದು ಶೇ. 28 ಮತಗಳಿಂದ. ಮಿಶಿಗನ್‌ನಲ್ಲಿ ಎರಡನೇ ಸುತ್ತು ಇಲ್ಲ, ಯಾರು ಮುಂದೋ ಅವರೇ ಅಭ್ಯರ್ಥಿ. ಬಂದವರೇ ಕಮ್ಮಿ, ಅವರಲ್ಲೂ ನೂರಕ್ಕೆ 72 ಜನ ಬೇರೆಯವರಿಗೆ ಹಾಕಿದ್ದರು. ಕಪ್ಪುಜನರೇ ಬಹುಸಂಖ್ಯಾತರಾದ ಡೆಟ್ರಾಯಿಟ್‌ಗೆ ದಶಕಗಳಲ್ಲಿ ಮೊದಲ ಸಲ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ನಮ್ಮ ಊರಿನವರು ಗೆದ್ದರು ಅಂತ ಖುಷಿ ಪಟ್ಟವರು ಕರ್ನಾಟಕದಲ್ಲಿ ಇದ್ದರು. ಆ ಖುಷಿ ತಪ್ಪಲ್ಲ. ಡೆಟ್ರಾಯಿಟ್‌ನಲ್ಲಿ ಅದೇ ಸುದ್ದಿಯನ್ನು ಬೇರೆ ಥರ ಓದಿದವರೂ ಇದ್ದರು.

ಇಷ್ಟು ಓದಿದ ಮೇಲೆ, 'ಹಾಗಾದರೆ ಜಾಸ್ತಿ ಜನ ಬಂದರೆ ಪ್ರಗತಿಪರರು ಗೆಲ್ತಾರೆ' ಅನ್ನೋ ತೀರ್ಮಾನಕ್ಕೆ ಬರೋದು ಸುಲಭ. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. 2020 ಆ ಲೆಕ್ಕವನ್ನು ಕೆಡಿಸಿತು. ಸ್ಯಾಂಡರ್ಸ್ ಅವರ ವಾದವೇ ಅದಾಗಿತ್ತು: ಹಿಂದೆ ಮತ ಹಾಕದವರನ್ನು, ಅದರಲ್ಲೂ ಯುವಕರನ್ನು, ದೊಡ್ಡ ಸಂಖ್ಯೆಯಲ್ಲಿ ಕರೆತಂದು ಗೆಲ್ತೀವಿ ಅಂತ. ಮಾರ್ಚ್ 3ರಂದು ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕಿದವು. ವರ್ಜೀನಿಯಾದ ಡೆಮಾಕ್ರಟಿಕ್ ಪ್ರೈಮರಿಗೆ 2016ರಲ್ಲಿ ಬಂದಿದ್ದವರು ಸುಮಾರು 7.85 ಲಕ್ಷ, 2020ರಲ್ಲಿ 13 ಲಕ್ಷಕ್ಕೂ ಹೆಚ್ಚು. ಮತದಾನ ಭರ್ಜರಿ ಏರಿತು, ಗೆದ್ದಿದ್ದು ಬೈಡನ್! ಸ್ಯಾಂಡರ್ಸ್‌ಗೆ ಸಿಕ್ಕಿದ್ದು ಶೇ. 23. ಹೊಸದಾಗಿ ಬಂದವರಲ್ಲಿ ದೊಡ್ಡ ಪಾಲು ನಗರದ ಹೊರವಲಯದ, ನಡುವಯಸ್ಸಿನ, ಟ್ರಂಪ್ ಅವರನ್ನು ಸೋಲಿಸೋದೊಂದೇ ಬೇಕಾಗಿದ್ದ ಜನ. ಯುವಕರನ್ನು ಅಂದುಕೊಂಡಷ್ಟು ಕರೆತರಲು ಆಗಲಿಲ್ಲ ಅಂತ ಮಾರನೇ ದಿನ ಸ್ಯಾಂಡರ್ಸ್ ತಾವೇ ಒಪ್ಪಿಕೊಂಡರು.

ಹಾಗಾಗಿ ಒಟ್ಟು ಸಂಖ್ಯೆ ನೋಡಿದರೆ ಸಾಲದು, ಯಾರು ಬಂದರು ಅಂತ ನೋಡಬೇಕು. ಬಾರದವರೆಲ್ಲ ನಮ್ಮವರೇ ಅಂತ ನಂಬೋದು ಪ್ರಗತಿಪರರ ಹಳೇ ಚಾಳಿ. ಬಾರದವರಲ್ಲಿ ಎಲ್ಲಾ ಥರದವರೂ ಇದ್ದಾರೆ. ಅವರಲ್ಲಿ ನಿರ್ದಿಷ್ಟ ಜನರನ್ನು ಹುಡುಕಿ, ಮಾತಾಡಿಸಿ, ಗಡುವು ನೆನಪಿಸಿ, ಮತಗಟ್ಟೆಯವರೆಗೆ ತರಬೇಕು. ಆ ಕೆಲಸ ಭಾಷಣದಿಂದ ಆಗಲ್ಲ.

ನ್ಯೂಯಾರ್ಕ್‌ನಲ್ಲಿ 2025ರಲ್ಲಿ ಆಗಿದ್ದು ಆ ಕೆಲಸ. ಜೊಹ್ರಾನ್ ಮಮ್ದಾನಿ ವರ್ಷದ ಶುರುವಿನ ಸಮೀಕ್ಷೆಗಳಲ್ಲಿ ಶೇ. 1ರ ಆಸುಪಾಸಿನಲ್ಲಿದ್ದರು. ಎದುರಿಗೆ ಮಾಜಿ ಗವರ್ನರ್ ಆಂಡ್ರ್ಯೂ ಕ್ವೋಮೋ, ಹೆಸರು, ಹಣ ಎರಡೂ ಇದ್ದವರು. ಬಾಡಿಗೆ ಏರಿಕೆಗೆ ತಡೆ, ಬಸ್ ಉಚಿತ, ಮಕ್ಕಳ ಪಾಲನೆಗೆ ಸರ್ಕಾರದ ವ್ಯವಸ್ಥೆ, ಇವು ಮಮ್ದಾನಿ ಅವರ ಮುಖ್ಯ ಮಾತುಗಳು. ನಾವು ರೀಲ್‌ಗಳನ್ನಷ್ಟೇ ನೋಡಿದ್ದೆವು, ಅದರ ಹಿಂದೆ ಹತ್ತಾರು ಸಾವಿರ ಸ್ವಯಂಸೇವಕರು ಮನೆಮನೆ ಅಲೆದಿದ್ದರು. ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ 37 ಡಿಗ್ರಿಯ ಬಿಸಿಲು, ನಮ್ಮ ರಾಯಚೂರು ನೆನಪಾಗುವಂಥದ್ದು. ಆದರೂ ಆ ಪ್ರೈಮರಿಯಲ್ಲಿ ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು, 2021ರ ಮೇಯರ್ ಪ್ರೈಮರಿಗಿಂತ ಲಕ್ಷಕ್ಕೂ ಹೆಚ್ಚು. ಯುವಕರ ಪಾಲು ಎದ್ದು ಕಾಣುವಷ್ಟು ಏರಿತ್ತು.

ಅಲ್ಲಿನ ಮತಪತ್ರವೂ ಬೇರೆ. ಒಬ್ಬರಿಗೆ ಮಾತ್ರ ಹಾಕೋದಲ್ಲ, ಐದು ಜನರನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು, ನಾವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದ ಹಾಗೆ. ಕಡಿಮೆ ಮತ ಬಂದವರನ್ನು ತೆಗೆದು, ಅವರ ಮತವನ್ನು ಮುಂದಿನ ಆಯ್ಕೆಗೆ ದಾಟಿಸ್ತಾ ಹೋಗ್ತಾರೆ. ಇದರಿಂದ ಮಮ್ದಾನಿ ಮತ್ತು ಇನ್ನೊಬ್ಬ ಪ್ರಗತಿಪರ ಅಭ್ಯರ್ಥಿ ಬ್ರ್ಯಾಡ್ ಲ್ಯಾಂಡರ್, 'ನನಗೆ ಮೊದಲು ಹಾಕಿ, ಅವರಿಗೆ ಎರಡನೆಯದು ಹಾಕಿ' ಅಂತ ಜೊತೆಯಾಗಿ ಪ್ರಚಾರ ಮಾಡೋಕಾಯ್ತು. ಮಿಶಿಗನ್‌ನಲ್ಲಿ ಈ ಪದ್ಧತಿ ಇದ್ದಿದ್ದರೆ ಆ ಒಂಬತ್ತು ಜನರ ಪ್ರೈಮರಿ ಹೇಗೆ ಮುಗಿಯುತ್ತಿತ್ತೋ! ಕೊನೆಯ ಸುತ್ತಿನಲ್ಲಿ ಮಮ್ದಾನಿಗೆ ಶೇ. 56. ಕ್ವೋಮೋ ಬಿಡಲಿಲ್ಲ, ನವೆಂಬರ್‌ನಲ್ಲಿ ಪಕ್ಷೇತರರಾಗಿ ಮತ್ತೆ ನಿಂತರು. ಆಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದು, ಮಮ್ದಾನಿಯೇ ಗೆದ್ದರು. ಮೆಸ್‌ನಲ್ಲಿ "ಎಲೆಕ್ಷನ್ ಇರೋದೇ ನವೆಂಬರ್‌ನಲ್ಲಿ" ಅಂದಿದ್ದ ಗೆಳೆಯ ಅವತ್ತು ಕಾಲರ್ ಎತ್ತಿಕೊಂಡು ಓಡಾಡಿದ. ಆದರೆ ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡ ಸುಮಾರು ಹತ್ತು ಲಕ್ಷ ನ್ಯೂಯಾರ್ಕ್ ಮತದಾರರಿಗೆ ಜೂನ್‌ನಲ್ಲಿ ಮತವೇ ಇರಲಿಲ್ಲ ಅನ್ನೋದನ್ನು ಅವನಿಗೆ ನೆನಪಿಸಬೇಕಾಯ್ತು.

ಎಂಎಸ್ ಮಾಡೋಕೆ ಮಿಶಿಗನ್‌ಗೆ ಹೋಗಿರುವ ನಮ್ಮ ಸೀನಿಯರ್ ಒಬ್ಬರಿಗೆ ಈ ಲೇಖನದ ಕರಡು ಕಳಿಸಿದ್ದೆವು. ಅವರಿಗೆ ಅಲ್ಲಿ ಮತ ಇಲ್ಲ, ಕ್ಲಾಸ್‌ಮೇಟ್‌ಗಳಿಗೆ ಇದೆ. ಅವರು ಬರೆದ ಉತ್ತರ ಒಂದೇ ಸಾಲು: ಇಲ್ಲಿ ಸಂಸದರ ಪ್ರೈಮರಿ ಆಗಸ್ಟ್ ಮೊದಲ ವಾರ ಕಣ್ರೋ, ಆಗ ಕ್ಯಾಂಪಸ್ ಖಾಲಿ.